ಕೀಲಿಕೈ ಯಾರ ಕಡೆ ಐತಿ?

ಹುಬ್ಬಳ್ಳಿ
ಬುಧವಾರ, ರಾತ್ರಿ ಹತ್ತೂವರಿ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನೆ ಫೋನಿನ್ಯಾಗ ನಾ ಹಂಗ ಅನ್ನಬಾರದಿತ್ತು. ನೀ ಫೋನ್ ಇಟ್ಟ ಮ್ಯಾಲ ನಿಮ್ಮವ್ವನೂ ನನ್ನ ಕೂಡ ಮಾತು ಬಿಟ್ಟಾಳ. ಮತ್ತ ಫೋನ್ ಹಚ್ಚಿದ್ರ ಮತ್ತ ದನಿ ಏರತೈತಿ, ಅದಕ್ಕ ಕಾಗದ. ಆಗಿದ್ದು ಇಬ್ಬರಿಗೂ ಗೊತ್ತು, ಕೆದರೂದಿಲ್ಲ. ನಿನ್ನ ಅಂಗಡೀನ ಆನ್‌ಲೈನ್ ನೋಡ್ಕೊಳ್ಳಾಕ ಇಟ್ಟ ಆ ಮಾರ್ಕೆಟಿಂಗ್ ಹುಡುಗ ತಗೊಂಡ 15,000 ರೂಪಾಯಿ ಹೋದ್ರ ಹೋಗಲಿ. ನನ್ನ ಚಿಂತಿ ರೊಕ್ಕದ್ದಲ್ಲ, ಕೀಲಿಕೈದು.

ಗದಗಿನ್ಯಾಗ ನಿನ್ನ ರೊಟ್ಟಿ ಅಂಗಡಿ ಶಟರಿಗೆ ಕೀಲಿಕೈ ಎರಡು. ಒಂದು ನಿನ್ನ ಸೊಂಟದಾಗ, ಒಂದು ಅಳಿಯಂದಿರ ಕಡೆ. ದಿನಾ ರೊಟ್ಟಿ ಬಡಿಯಾಕ ಬರೋ ಹೆಣ್ಣಮಕ್ಕಳಿಗೂ ನೀ ಮೂರನೇದು ಮಾಡಿಸಿ ಕೊಟ್ಟಿಲ್ಲ. ಆದ್ರ ಗೂಗಲ್ ಮ್ಯಾಪಿನ್ಯಾಗಿನ ಅಂಗಡಿ, ಇನ್‌ಸ್ಟಾಗ್ರಾಮ್ ಪೇಜು, ವೆಬ್‌ಸೈಟಿನ ಹೆಸರು, ಮೂರೂ ಅವನ ಜಿಮೇಲಿನ ಮ್ಯಾಲ ನಿಂತಾವ. ಬೆಂಗಳೂರಿನ ಗಿರಾಕಿ ನಿನ್ನ ಶಟರ್ ಎಂದೂ ನೋಡಿಲ್ಲ. ಅವರ ಪಾಲಿಗೆ ಅಂಗಡಿ ಅಂದ್ರ ಆ ಮೂರೂನ.

ಮೊದಲ ಗೂಗಲ್‌ದು. ಅಲ್ಲಿ ಪ್ರೈಮರಿ ಓನರ್, ಓನರ್, ಮ್ಯಾನೇಜರ್ ಅಂತ ಮೂರು ಥರದ ಹಕ್ಕು ಅದಾವ. ಮ್ಯಾನೇಜರ್ ಆದವರು ಫೋಟೊ ಹಾಕಬಹುದು, ಟೈಮ್ ತಿದ್ದಬಹುದು, ರಿವ್ಯೂಗೆ ಉತ್ತರ ಕೊಡಬಹುದು. ಬ್ಯಾರೇದವರನ್ನ ಸೇರಸಾಕ, ತೆಗ್ಯಾಕ ಬರೂದಿಲ್ಲ. ಅದಕ್ಕ ಅಂವ "ನಿಮ್ಮನ್ನ ಮ್ಯಾನೇಜರ್ ಮಾಡತೇನಿ ಅಕ್ಕಾರ" ಅಂದ್ರ ಒಪ್ಪಬ್ಯಾಡ. "ನನ್ನ ಮೇಲ್ ಓನರ್ ಅಂತ ಸೇರಿಸು, ಆಮ್ಯಾಲ ಪ್ರೈಮರಿ ಮಾಡು" ಅನ್ನು. ಹೊಸದಾಗಿ ಓನರ್ ಆದವರಿಗೆ ಗೂಗಲ್ ಏಳು ದಿನ ಪೂರ್ತಿ ಹಕ್ಕು ಕೊಡೂದಿಲ್ಲ, ಅಂವನ್ನ ತೆಗ್ಯಾಕ ಅಲ್ಲೀತನಕ ಕಾಯಬೇಕು. ಅಷ್ಟು ದಿನ ಅವನ ಕೂಡ ಸಿಟ್ಟಿಗೆ ಬರಬ್ಯಾಡ. ನನ್ನಂಗ ಮಾಡಬ್ಯಾಡ ಅಂತನ ಅನ್ಕೋ.

ಕೊಡೂದಿಲ್ಲ ಅಂದ, ಇಲ್ಲಾ ಫೋನ್ ಎತ್ತಲಿಲ್ಲ, ಆಗ ಹಾದಿ ಬ್ಯಾರೆ. ನಿನ್ನ ಜಿಮೇಲಿನಿಂದ ಒಳಗ ಹೋಗಿ, ಮ್ಯಾಪಿನ್ಯಾಗ ನಿನ್ನ ಅಂಗಡಿ ತೆಗೆದು, ಈ ವ್ಯಾಪಾರ ನಂದು ಅನ್ನೋ ಆಯ್ಕೆ ಒತ್ತು. ಈಗಾಗಲೇ ಬ್ಯಾರೇದವರ ಕಡೆ ಐತಿ ಅಂತ ತೋರಸತೈತಿ, ಅಲ್ಲೇ ರಿಕ್ವೆಸ್ಟ್ ಆ್ಯಕ್ಸೆಸ್ ಕೊಡು. ಅವನಿಗೆ ಮೇಲ್ ಹೋಗತೈತಿ, ಉತ್ತರಕ್ಕ ಮೂರು ದಿನ. ಅಂವ ಸುಮ್ಮನ ಕುಂತ್ರ ಅಂಗಡಿ ನಿಂದ ಅಂತ ವೆರಿಫೈ ಮಾಡೋ ಅವಕಾಶ ನಿನಗ ಸಿಗಬಹುದು, ಬಹಳ ಮಾಡಿ ವಿಡಿಯೊ ಕೇಳತಾರ. ನಡುವ ಎಲ್ಲೂ ಕತ್ತರಿಸಬಾರದು, 30 ಸೆಕೆಂಡಿಗಿಂತ ಕಡಿಮಿ ಇರಬಾರದು. ಮೊದಲ ಓಣಿ, ಬಾಜೂ ಅಂಗಡಿ ಬೋರ್ಡ್ ಕಾಣಬೇಕು, ಆಮ್ಯಾಲ ನಿನ್ನ ಬೋರ್ಡ್, ಆಮ್ಯಾಲ ಒಳಗ ಹಂಚು, ಜ್ವಾಳದ ಚೀಲ, ತಕ್ಕಡಿ. ವ್ಯಾಪಾರ ನಡೆಸೋರು ನೀನ ಅನ್ನೂದಕ್ಕ ಗುರುತು ಬೇಕು, ಅದಕ್ಕ ಶಟರಿನ ಕೀಲಿ ತಗದು ಎತ್ತೂದನ್ನ ತೋರಿಸು. ನೋಡು, ಕಡೀಕ ಗೂಗಲ್‌ನವರು ಕೇಳಿದ್ದೂ ಕೀಲಿಕೈನ.

ಸಿಟ್ಟಿಲೆ ಮ್ಯಾಪಿನ್ಯಾಗ ಅಂಗಡಿದು ಹೊಸಾದೊಂದು ಲಿಸ್ಟಿಂಗ್ ಮಾತ್ರ ಮಾಡಬ್ಯಾಡ. ನಿನಗ ಬಂದ ರಿವ್ಯೂ ಎಲ್ಲಾ ಹಳೇದರಾಗ ಉಳೀತಾವ. ಒಂದ ಜಾಗಾದಾಗ ಎರಡು ಗುರುತು ಬಿದ್ದು, ಗೂಗಲ್ ಎರಡನ್ನೂ ತಡೆಹಿಡೀಬಹುದು. ಹೆಸರಿನ್ಯಾಗ ಅಂವ "ಗದಗ ಬೆಸ್ಟ್ ಜೋಳದ ರೊಟ್ಟಿ ಚಟ್ನಿ ಹೋಮ್ ಡೆಲಿವರಿ" ಅಂತ ತುರುಕ್ಯಾನಲ್ಲ, ಕೈಗೆ ಬಂದ ದಿನಾನ ಅದನ್ನ ತಗದು ಬೋರ್ಡಿನ ಮ್ಯಾಲ ಇದ್ದಷ್ಟ ಹೆಸರು ಇಡು. ಹಂಗ ತುರುಕಿದ್ದಕ್ಕ ಲಿಸ್ಟಿಂಗ್ ಬಂದ್ ಆಗತಾವ.

ಇನ್‌ಸ್ಟಾಗ್ರಾಮ್‌ದಾಗ ಪಾಸ್‌ವರ್ಡ್ ಕೊಟ್ಟಾನ ಅಂದಿ. ಅಲ್ಲಿ ಸರತಿ ಭಾಳ ಮುಖ್ಯ. ಎಲ್ಲಾರೂ ಮೊದಲ ಪಾಸ್‌ವರ್ಡ್ ಬದಲಿ ಮಾಡತಾರ. ಅವನ ಮೇಲ್ ಇನ್ನ ಒಳಗ ಇದ್ರ, "ಪಾಸ್‌ವರ್ಡ್ ಮರತೈತಿ" ಅಂತ ಒತ್ತಿ ಐದು ನಿಮಿಷಕ್ಕ ತಿರುಗಿ ತಗೋತಾನ. ಅದಕ್ಕ ಮೊದಲ ಸೆಟ್ಟಿಂಗಿನ್ಯಾಗಿನ ಅಕೌಂಟ್ಸ್ ಸೆಂಟರಿಗೆ ಹೋಗಿ ನಿನ್ನ ಮೇಲ್, ನಿನ್ನ ನಂಬರ್ ಸೇರಿಸು, ಎರಡಕ್ಕೂ ಬಂದ ಕೋಡ್ ಹಾಕು. ಎರಡನೇದು, ಅವನ ಮೇಲು ನಂಬರು ತೆಗಿ. ಮೂರನೇದು ಪಾಸ್‌ವರ್ಡ್. ನಾಕನೇದು, ಎಲ್ಲೆಲ್ಲಿ ಲಾಗಿನ್ ಐತಿ ನೋಡಿ ನಿನ್ನ ಫೋನ್ ಬಿಟ್ಟು ಉಳದದ್ದನ್ನೆಲ್ಲಾ ಹೊರಗ ಹಾಕು. ಕಡೀಕ ಟೂ ಫ್ಯಾಕ್ಟರ್ ಹಚ್ಚು, ಪಾಸ್‌ವರ್ಡ್ ಕೂಡ ಇನ್ನೊಂದು ಕೋಡ್ ಕೇಳೋ ಕಾವಲು ಅದು. ಅದು ಕೊಡೋ ಬ್ಯಾಕಪ್ ಕೋಡನ್ನ ಕಾಗದದ ಮ್ಯಾಲ ಬರದು ಟ್ರೆಜರಿ ಕಪಾಟಿನ್ಯಾಗ ಇಡು. ಫೋನಿನ್ಯಾಗ ಫೋಟೊ ಹೊಡದು ಇಟ್ರ ಫೋನ್ ಕಳೆದ ದಿನ ಅದೂ ಹೋಗತೈತಿ.

ವೆಬ್‌ಸೈಟಿಂದು ಸಣ್ಣದು. ಹೆಸರನ್ನ ವರ್ಷಾ ವರ್ಷಾ ರಿನ್ಯೂ ಮಾಡಬೇಕು, ಅಂವ ಮರತ್ರ ಅದು ಯಾರ ಬೇಕಾದವರ ಪಾಲಾಗತೈತಿ. ಹೆಸರು ಕೊಂಡ ಕಂಪನಿಯೊಳಗ ನಿಂದೊಂದು ಖಾತೆ ತೆರೆದು ಅಲ್ಲಿಗೆ ಹಾಕಸು, ಇಲ್ಲಾ ಬ್ಯಾರೆ ಕಂಪನಿಗೆ ಒಯ್ಯಾಕ ಬೇಕಾಗೋ ಟ್ರಾನ್ಸ್‌ಫರ್ ಕೋಡ್ ಇಸಗೋ. ಕೊಡಲಿಲ್ಲ ಅಂದ್ರ ಬಿಟ್ಟುಬಿಡು. ನಿನಗ ಆರ್ಡರ್ ಬರೂದು ವಾಟ್ಸಾಪಿನಿಂದ.

ಮುಂದ ಯಾರಿಗೆ ಕೆಲಸ ಕೊಟ್ರೂ ನೀ ತೆರಿ, ಅವರನ್ನ ಒಳಗ ಕರಿ. ಜಾಹೀರಾತಿನ ಅಕೌಂಟೂ ನಿಂದ ಇರಬೇಕು. ಅವನ ಅಕೌಂಟಿನಿಂದ ಹಾಕಿದ್ದರಿಂದ ಯಾವ ಜಾಹೀರಾತು ಓಡ್ತು, ಯಾರು ಒತ್ತಿದ್ರು ಅನ್ನೋ ಲೆಕ್ಕ ಎಲ್ಲಾ ಈಗ ಅವನ ಕಡೆ ಉಳದೈತಿ. ರೊಕ್ಕ ನಿಂದು, ಪಾಠ ಅವನದು. ಆತು, ಮತ್ತ ಅಲ್ಲಿಗೇ ಹೋದೆ.

ವಾಟ್ಸಾಪ್ ನಂಬರ್ ಒಂದು ನಿನ್ನ ಹೆಸರಿನ ಸಿಮ್ಮಿನ್ಯಾಗ ಐತಿ, ಅದು ಯಾರ ಪುಣ್ಯಾನೋ. ಇವತ್ತ ರಾತ್ರೀನ ಟೂ ಸ್ಟೆಪ್ ವೆರಿಫಿಕೇಶನ್ ಹಚ್ಚಿ ಆರಂಕಿ ಪಿನ್ ಇಡು, ನಿನ್ನ ಮೇಲೂ ಸೇರಿಸು. "ಅಕ್ಕಾರ, ತಪ್ಪಿ ನಿಮ್ಮ ನಂಬರಿಗೆ ನಮ್ಮ ಕೋಡ್ ಬಂದೈತಿ, ಸ್ವಲ್ಪ ಹೇಳ್ರಿ" ಅಂತ ಯಾರರ ಕೇಳಿದ್ರ, ಆ ಆರಂಕಿ ಕೋಡ್ ನಿನ್ನ ವಾಟ್ಸಾಪಿನ ಕೀಲಿಕೈ. ಕುರಿಯರ್‌ನವ ಕೇಳಲಿ, ಗುರುತಿನವರ ನಂಬರಿನಿಂದ ಬರಲಿ, ಕೊಡಬ್ಯಾಡ. ಗುರುತಿನವರ ನಂಬರ್ ಅದಕ್ಕಿಂತ ಮೊದಲ ಕಳುವಾಗಿರತೈತಿ.

ಬ್ರಾಡ್‌ಕಾಸ್ಟ್ ಮಾಡಿದ್ರ ಅರ್ಧ ಜನಕ್ಕ ಮುಟ್ಟೂದಿಲ್ಲ ಯಾಕ ಅಂತ ನೀ ಕೇಳಿದ್ದಿಯಲ್ಲ. ಒಂದು ಲಿಸ್ಟಿನ್ಯಾಗ 256 ಮಂದಿ ಹಿಡಿಸತಾರ, ಆದ್ರ ಅವರು ತಮ್ಮ ಫೋನಿನ್ಯಾಗ ನಿನ್ನ ನಂಬರ್ ಸೇವ್ ಮಾಡಿದ್ರಷ್ಟ ಅವರಿಗೆ ಹೋಗತೈತಿ. ಅದಕ್ಕ ಪಾರ್ಸೆಲ್ಲಿನ್ಯಾಗ ಒಂದು ಚೀಟಿ ಇಡು: "ಈ ನಂಬರ್ ಸೇವ್ ಮಾಡ್ಕೊಳ್ರಿ, ಯಾವತ್ತ ಏನು ಮಾಡೀವಿ ತಿಳಸತೀವಿ." ಗೊತ್ತಿಲ್ಲದವರ ನಂಬರ್ ಕೊಂಡು ಮೆಸೇಜ್ ಒಗಿಯೂ ಕೆಲಸಕ್ಕ ಹೋಗಬ್ಯಾಡ. ನಾಕು ಮಂದಿ ರಿಪೋರ್ಟ್ ಒತ್ತಿದ್ರ ನಂಬರ್ ಬಂದ್ ಆಗೂ ಭಯ, ಲೇಬಲ್ ಮ್ಯಾಲ ಅಚ್ಚಾಗಿದ್ದ ನಂಬರು ಅದು.

ಒಂದು ದಪ್ಪ ವಹಿ ಹಾಕು. ಹೆಸರು, ಊರು, ನಂಬರು, ಏನು ತಗೊಂಡ್ರು, ಎಂದು ತಗೊಂಡ್ರು. ಕಡೀ ಸಾಲು: "ನಮ್ಮನ್ನ ಎಲ್ಲಿ ನೋಡಿದ್ರಿ?" ಪ್ರತಿ ಹೊಸ ಗಿರಾಕೀನ ಕೇಳಿ ಬರಿ. ಫಾಲೋವರ್ಸ್ ಇನ್‌ಸ್ಟಾಗ್ರಾಮಿನವರ ಆಸ್ತಿ, ವಹಿ ನಿಂದು. ನೀ ನಗತಿ ಅಂತ ಗೊತ್ತೈತಿ, ನಗು.

ಆ ಕಡೀ ಸಾಲಿನಿಂದನ ಜಾಹೀರಾತಿನ ಲೆಕ್ಕ ತಿಳೀತೈತಿ. ನೀ 450 ರೂಪಾಯಿಗೆ ಕಳಸೋ ಡಬ್ಬಿಯೊಳಗ ಜ್ವಾಳ, ಶೇಂಗಾ, ಮೆಣಸಿನಕಾಯಿ, ಗ್ಯಾಸು, ಪಗಾರ, ಪ್ಯಾಕಿಂಗು, ಕುರಿಯರ್ ಎಲ್ಲಾ ಕಳದು 110 ಉಳೀತೈತಿ ಅಂತ ಹಿಡಿ. ಅಂವ 3,000ದ ಜಾಹೀರಾತು ಹಾಕ್ಯಾನ, ಅದರ ಮ್ಯಾಲ 18 ಟಕ್ಕೆ ಜಿಎಸ್‌ಟಿ, 3,540 ಆತು. ಬಂದಿದ್ದು 20 ಆರ್ಡರ್. ಒಂದಕ್ಕ 177 ಬಿತ್ತು, ಡಬ್ಬಿಗೆ 67 ರೂಪಾಯಿ ಕೈಯಿಂದ ಹೋತು. ಹಂಗಂತ ಜಾಹೀರಾತು ಸುಳ್ಳಲ್ಲ. ಆ ಇಪ್ಪತ್ತರಾಗ ಹತ್ತು ಮಂದಿ ಮುಂದಿನ ಎರಡು ತಿಂಗಳಾಗ ಎರಡೆರಡು ಸಲ ತಾವಾಗೇ ತರಿಸಿದ್ರ, ಕಳದದ್ದು ಬಂದು ಮ್ಯಾಲ ಉಳೀತೈತಿ. ಬರತಾರೋ ಇಲ್ಲೋ ಅನ್ನೂದನ್ನ ವಹಿನ ಹೇಳಬೇಕು, ಲೈಕ್ ಹೇಳೂದಿಲ್ಲ. ಇನ್ನ ಮ್ಯಾಲ ಪೋಸ್ಟಿನ ಕೆಳಗಿನ ಬೂಸ್ಟ್ ಬಟನ್ ಒತ್ತಬ್ಯಾಡ. ಆ್ಯಡ್ಸ್ ಮ್ಯಾನೇಜರಿಗೆ ಹೋಗಿ ವಾಟ್ಸಾಪ್ ಮೆಸೇಜ್ ಬರೋ ಥರದ್ದನ್ನ ಹಾಕು, ದಿನಕ್ಕ 150ರಂಗ ಒಂದು ವಾರ. ರೊಟ್ಟಿ ಪಂಚಮಿ, ಎಳ್ಳ ಅಮಾಸಿ, ಇವಕ್ಕ ಹತ್ತು ದಿನ ಮೊದಲ ಶುರು ಮಾಡು. ಹಬ್ಬದ ಹಿಂದಿನ ದಿನ ಹಾಕಿದ್ರ ಆಸೆ ಹುಟ್ಟತೈತಿ, ಕುರಿಯರ್ ಮುಟ್ಟೂದಿಲ್ಲ.

ಕುರಿಯರ್ ಮಾತು ಬಂತು, ನಿನ್ನ ಡಬ್ಬಿ ತಪ್ಪೈತಿ. ಕುರಿಯರ್‌ನವರು ತೂಕಾನೂ ನೋಡತಾರ, ಅಳತೀನೂ ನೋಡತಾರ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನ್ಯಾಗ ಗುಣಸಿ 5,000ದಿಂದ ಭಾಗಸತಾರ, ಯಾವುದು ಹೆಚ್ಚೋ ಅದಕ್ಕ ರೊಕ್ಕ. ನಿಂದು 30, 30, 16. ಬರೇ ಗಾಳೀನ 2.88 ಕೆಜಿ ಆತು, ರೊಟ್ಟಿ ಇದ್ದದ್ದು ಒಂದು ಕೆಜಿ ಚಿಲ್ಲರೆ. ರೊಟ್ಟಿ ಬಡಿಯೂವಾಗ 23 ಸೆಂಟಿಮೀಟರ್ ದಾಟದಂಗ ನೋಡ್ಕೊಂಡು, ಡಬ್ಬಿ 26, 26, 10ರದ್ದು ಮಾಡಸು. 1.35ಕ್ಕ ಇಳೀತೈತಿ. ಒತ್ತಿ ಕುಂತ ರೊಟ್ಟಿ ಮುರಿಯೂದೂ ಕಡಿಮಿ, ಅಲ್ಲಾಡಾಕ ಜಾಗಾ ಇದ್ರನ ಅವು ಚೂರಾಗತಾವ. ಮಳಿಗಾಲದಾಗ ಕವರಿನ ಬಾಯಿ ಬಿಸಿ ಮಾಡಿ ಸೀಲ್ ಮಾಡದ ಕಳಸಬ್ಯಾಡ, ಮೆತ್ತಗಾಗಿ ಮುಟ್ಟತಾವ. ಶೇಂಗಾ ಚಟ್ನಿಗೆ ಆ ತೆಳ್ಳನ ಪ್ಲಾಸ್ಟಿಕ್ ಬ್ಯಾಡ, ಎಣ್ಣಿ ಬಿಟ್ಟು ಲೇಬಲ್ ಎಲ್ಲಾ ಜಿಡ್ಡಾಗತೈತಿ. ಒಳಗ ಅಲ್ಯೂಮಿನಿಯಂ ಪದರ ಇದ್ದ ಪೌಚ್ ತಗೋ. ಒಂದೊಂದು ಘಾಣದ್ದೂ, ಅಂದ್ರ ಒಂದೊಂದ ಸಲ ಮಾಡಿದ್ದರದ್ದೂ, ಒಂದು ಪಾಕೀಟು ತಾರೀಖು ಬರದು ನಿನ್ನ ಕಡೆ ಇಟ್ಕೋ. "ಕಮಟು ಬಂದೈತಿ" ಅಂತ ಯಾರರ ಅಂದ್ರ ಅದನ್ನ ಒಡದು ಮೂಸಿ ನೋಡಿ ಮಾತಾಡು.

ರೊಕ್ಕ ಹಾಕೀನಿ ಅಂತ ಬರೋ ಸ್ಕ್ರೀನ್‌ಶಾಟ್ ನಂಬಬ್ಯಾಡ, ನಿನ್ನ ಬ್ಯಾಂಕಿನ ಆ್ಯಪ್ ತೆಗೆದು ನೋಡು. ಮಿಲಿಟರಿಯವ ಅಂತ ಹೇಳಿ 200 ರೊಟ್ಟಿ ಕೇಳಿ, ರೊಕ್ಕ ಕೊಡಾಕ ಕ್ಯೂಆರ್ ಕಳಸಿದ್ರ ಅಂವ ಕಳ್ಳ. ರೊಕ್ಕ ಇಸಗೊಳ್ಳಾಕ ಪಿನ್ ಬೇಕಾಗೂದಿಲ್ಲ. ಏನರ ಹೋದ್ರ ತಡಾ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚು. ನನಗ ಆಮ್ಯಾಲ.

2025ರ ಜುಲೈದಾಗ ವಾಣಿಜ್ಯ ತೆರಿಗೆಯವರು ಯುಪಿಐ ಲೆಕ್ಕ ಹಿಡಿದು ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಬೋರ್ಡ್ ಕಿತ್ತಿದ್ರು. ನೀ ಹಂಗ ಹೆದರೂದು ಬ್ಯಾಡ. ಸಾಮಾನು ಮಾರೋರಿಗೆ ಜಿಎಸ್‌ಟಿ ನೋಂದಣಿಗೆ ವರ್ಷಕ್ಕ 40 ಲಕ್ಷದ ಮಿತಿ ಐತಿ, ನೀ ಅದರ ಹತ್ತಿರಾನೂ ಇಲ್ಲ. ಆದ್ರ ತೆರಿಗೆ ಇದ್ದ ಸಾಮಾನು ಪುಣೆಗೆ, ಹೊರರಾಜ್ಯಕ್ಕ ಮಾರಿದ್ರ ಆ ಮಿತಿ ಲೆಕ್ಕಕ್ಕ ಬರೂದಿಲ್ಲ, ನೋಂದಣಿ ಬೇಕು. ಚಟ್ನಿಗೆ ಬೇಕಾದ ಆ ನೋಂದಣಿ ನಾ ಕುಂತು ಮಾಡಿಕೊಡತೀನಿ. ವ್ಯಾಪಾರಕ್ಕ ಬ್ಯಾರೆ ಬ್ಯಾಂಕ್ ಖಾತೆ ತೆಗಿ, ಅಳಿಯಂದಿರ ಪಗಾರ, ಚೀಟಿ ರೊಕ್ಕ, ರೊಟ್ಟಿ ರೊಕ್ಕ ಒಂದರಾಗ ಕಲಸಬ್ಯಾಡ.

ಲೇಬಲ್ ನೋಡಿದೆ. ಹದಿನಾಕು ಅಂಕಿಯ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್ ಐತಿ, ತೂಕ ಐತಿ, ಹಸರ ಚುಕ್ಕಿ ಐತಿ, ಎಂಆರ್‌ಪಿ ಐತಿ. "ಬ್ಯಾಡಗಿ ಮೆಣಸಿನಕಾಯಿ" ಅಂತ ಹಾಕೀದಿ, ಅದು ಜಿಐ, ಅಂದ್ರ ಆ ಸೀಮಿ ಬೆಳಿಗಷ್ಟ ಸಲ್ಲೋ ಗುರುತು, ಸಿಕ್ಕ ಹೆಸರು, ಬ್ಯಾಡಗಿ ತಳಿಯ ಡಬ್ಬಿ ಇಲ್ಲಾ ಕಡ್ಡಿ ಕಾಯಿ ಖರೇನ ಹಾಕಿದ ಘಾಣಕ್ಕಷ್ಟ ಹಚ್ಚು. ಆದ್ರ ಕೆಳಗ ದೂರು ಕೊಡಾಕ ಅಂತ ಇದ್ದ ಮೇಲ್ ಯಾರದು ಹೇಳು? ಅದೂ ಅವನದ. ನಿನ್ನ ಚಟ್ನಿ ಕೆಟ್ಟೈತಿ ಅಂತ ಯಾರರ ಬರದ್ರ ನಿನಗ ಮುಟ್ಟೂದ ಇಲ್ಲ. ಈ ಲೇಬಲ್ ಮತ್ತ ಅಚ್ಚು ಹಾಕಿಸಬ್ಯಾಡ. ರಾತ್ರಿ ಎರಡಕ್ಕ ಎದ್ದು ಕುಂತು ನಾ ನೋಡಿದ್ದು ಇದನ್ನ, ಭೂತಗನ್ನಡಿ ಹಿಡದು. ಅದಕ್ಕ ನಿನ್ನೆ ಹಂಗ ಒದರಿದೆ.

ಒಂದು ಹೇಳಬೇಕಿತ್ತು. ಆ ಹುಡುಗ ಮಾಡಿದ ಹನ್ನೆರಡು ರೀಲಿಗಿಂತ ನೀ ಕಿಟಕಿ ಬೆಳಕಿನ್ಯಾಗ ಕುಂತು ರೊಟ್ಟಿ ಮುರದು ಸಪ್ಪಳ ಕೇಳಿಸಿದಿ ಅಲ್ಲ, ಹಾಡಿಲ್ಲ ಮಾತಿಲ್ಲ, ಅದ ಎಲ್ಲಾದಕ್ಕೂ ಮ್ಯಾಲ. ಅಂಗಡಿ ಮಂದಿಗೆಲ್ಲಾ ತೋರಿಸೀನಿ. ಅದು ನಾ ಕಲಿಸಿದ್ದಲ್ಲ, ಅಂವ ಕಲಿಸಿದ್ದೂ ಅಲ್ಲ.

ಈ ಕಾಗದ ಮುಟ್ಟಿದ ದಿನ ಅವನನ್ನ ಕೇಳು, ಕೊಡಲಿಲ್ಲ ಅಂದ್ರ ಅವತ್ತ ಗೂಗಲ್‌ಗೆ ರಿಕ್ವೆಸ್ಟ್ ಕೊಟ್ಟು ತಾರೀಖು ವಹಿಯಾಗ ಬರಿ. ಮೂರು ದಿನ ಆದ ಮ್ಯಾಲ ಮೇಲ್ ನೋಡು, ಸ್ಪ್ಯಾಮಿನ್ಯಾಗೂ ನೋಡು. ವಿಡಿಯೊ ಕೇಳಿದ್ರ ಐತವಾರ ಮುಂಜಾನೆ ಗಾಡಿಗೆ ಬರತೀನಿ, ನಾ ಫೋನ್ ಹಿಡೀತೀನಿ, ಶಟರ್ ನೀನ ಎತ್ತು. ನಿಮ್ಮವ್ವ ಅಗಸಿ ಹಿಂಡಿ ಕುಟ್ಟಿಟ್ಟಾಳ. ಹ್ವಾದ ಸಲದ ಸ್ಟೀಲ್ ಡಬ್ಬಿ ಇನ್ನ ತಿರುಗಿ ಬಂದಿಲ್ಲ ಅಂತ ಹೇಳ ಅಂದ್ಲು. ಅಂದ್ರ ಮಾತು ಬಿಟ್ಟಿಲ್ಲ.

ನಿಮ್ಮಪ್ಪ