ಗ್ಲೈಸೀನ್ ಸಿಕ್ಕರೆ ಜೀವ ಸಿಕ್ಕಂತಲ್ಲ

ಸಂಪಾದಕರಿಗೆ,

ಮಾನ್ಯರೇ,

ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾ ನೌಕೆ 2023ರ ಸೆಪ್ಟೆಂಬರ್‌ನಲ್ಲಿ ತಂದಿಳಿಸಿದ ಮಣ್ಣಿನ ವಿಶ್ಲೇಷಣೆ 2025ರ ಜನವರಿಯಲ್ಲಿ ಪ್ರಕಟವಾಯಿತು. ಜೀವಿಗಳು ಪ್ರೋಟೀನ್ ಕಟ್ಟಲು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಅದರಲ್ಲಿದ್ದವು, ಗ್ಲೈಸೀನ್ ಅವುಗಳಲ್ಲೊಂದು. ಡಿಎನ್‌ಎ, ಆರ್‌ಎನ್‌ಎಗಳ ಅಕ್ಷರಗಳಂತಿರುವ ಐದೂ ಪ್ರತ್ಯಾಮ್ಲಗಳೂ ಇದ್ದವು. ಅಂದಿನಿಂದ ‘ಆಕಾಶದಲ್ಲಿ ಜೀವ ಪತ್ತೆ’ ಎಂಬ ಧಾಟಿಯ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿವೆ, ಮಕ್ಕಳು ಅದನ್ನೇ ನಂಬಿಕೊಂಡು ತರಗತಿಗೆ ಬರುತ್ತಾರೆ. ಅಲ್ಲಿ ಸಿಕ್ಕಿದ್ದು ಜೀವವಲ್ಲ, ಜೀವ ಬಳಸುವ ಸರಕು. ಈ ಎರಡರ ನಡುವಿನ ಅಂತರವನ್ನು ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಶಾಲಾ ಕಾಲೇಜುಗಳಲ್ಲಿ ರೇಷ್ಮೆಗೂಡಿನಿಂದಲೇ ತೋರಿಸಬಹುದು. ಅದಕ್ಕೆ ಬೇಕಾದ ವಸ್ತು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ದಿನವೂ ರಾಶಿ ರಾಶಿಯಾಗಿ ಬರುತ್ತದೆ.

ಗೂಡಿನ ಎಳೆಯಲ್ಲಿ ಎರಡು ಪ್ರೋಟೀನ್‌ಗಳಿವೆ. ಒಳಗಿನ ಗಟ್ಟಿ ದಾರ ಫೈಬ್ರೋಯಿನ್, ಅದಕ್ಕೆ ಮೆತ್ತಿದ ಅಂಟು ಸೆರಿಸಿನ್. ಫೈಬ್ರೋಯಿನ್‌ನ ಭಾರಿ ಸರಪಳಿಯಲ್ಲಿ ಸುಮಾರು 5,260 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ. ನೂರಕ್ಕೆ ಸುಮಾರು 46 ಗ್ಲೈಸೀನ್, 30 ಅಲನೀನ್, 12 ಸೆರೀನ್. ಇಷ್ಟು ಸರಳ ಲೆಕ್ಕದ ಪ್ರೋಟೀನ್ ಕಲಿಕೆಗೆ ಬೇರೆ ಸಿಗುವುದು ಕಷ್ಟ. ಮೊಟ್ಟೆಯಲ್ಲಾಗಲಿ ಹಾಲಿನಲ್ಲಾಗಲಿ ಹತ್ತಾರು ಅಮೈನೋ ಆಮ್ಲಗಳು ಅವನ್ನು ಬೇರ್ಪಡಿಸುವ ಕಾಗದದ ಮೇಲೆ (ಪೇಪರ್ ಕ್ರೊಮ್ಯಾಟೋಗ್ರಫಿ) ಒಂದರ ಮೇಲೊಂದು ಬಂದು ಕಲಸಿಹೋಗುತ್ತವೆ.

ಪ್ರೌಢಶಾಲೆಯಲ್ಲಿ ಮಾಡಬಹುದಾದದ್ದು ಇಷ್ಟು. ಪತಂಗ ಹೊರಬಂದ ತೂತುಗೂಡಾದರೂ ಸಾಕು. ಕಂದು ಕಲೆಯಾದ ಭಾಗ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಉಗುರಿನಷ್ಟು ಚೂರು ಮಾಡಿ 2 ಗ್ರಾಂ ತೂಗಿ. 200 ಮಿಲಿಲೀಟರ್ ನೀರಿಗೆ 0.4 ಗ್ರಾಂ ಒಣ ಸೋಡಿಯಂ ಕಾರ್ಬೊನೇಟ್ ಹಾಕಿ. ಹರಳು ರೂಪದ ವಾಷಿಂಗ್ ಸೋಡಾ ಆದರೆ ಅದರಲ್ಲಿ ನೀರಿನ ತೂಕವೂ ಇರುವುದರಿಂದ 1.1 ಗ್ರಾಂ ಬೇಕು. ಅರ್ಧ ಗಂಟೆ ಕುದಿಸಿ. ಸೆರಿಸಿನ್ ನೀರಿಗಿಳಿದು, ತೊಳೆದು ಒಣಗಿಸಿದ ದಾರ ಸುಮಾರು ಒಂದೂವರೆ ಗ್ರಾಂ ಉಳಿಯುತ್ತದೆ. ರೇಷ್ಮೆ ಗಾಳಿಯ ತೇವ ಹೀರುತ್ತದೆ. ಆದ್ದರಿಂದ ಮೊದಲ ತೂಕ ಮತ್ತು ಕೊನೆಯ ತೂಕ ಎರಡನ್ನೂ ಒಂದೇ ರೀತಿ ಒಣಗಿಸಿದ ಮೇಲೆ ತೆಗೆಯದಿದ್ದರೆ ಲೆಕ್ಕ ತಪ್ಪುತ್ತದೆ.

ಕುದಿಸಿದ ನೀರನ್ನು 50 ಮಿಲಿಲೀಟರಿಗೆ ಇಳಿಸಿ, ಆರಿಸಿ, ಪ್ರೋಟೀನ್ ಗುರುತಿಸುವ ಬೈಯುರೆಟ್ ಪರೀಕ್ಷೆ ಮಾಡಿ: 2 ಮಿಲಿಲೀಟರ್ ದ್ರವ, ಅಷ್ಟೇ 10% ಸೋಡಿಯಂ ಹೈಡ್ರಾಕ್ಸೈಡ್, ಮೇಲೆ 1% ಮೈಲುತುತ್ತದ (ಕಾಪರ್ ಸಲ್ಫೇಟ್) ದ್ರಾವಣ ಎರಡು ಮೂರು ಹನಿ. ನೇರಳೆ ಬಣ್ಣ ಬಂದರೆ ಅಮೈನೋ ಆಮ್ಲಗಳು ಪೆಪ್ಟೈಡ್ ಬಂಧದಲ್ಲಿ ಕೂಡಿಕೊಂಡಿವೆ ಎಂದರ್ಥ. ಇಲ್ಲಿ ಹೆಚ್ಚಾಗಿ ಕೆಡುವುದು ಮೈಲುತುತ್ತ ಜಾಸ್ತಿ ಸುರಿದಾಗ, ಏಕೆಂದರೆ ಅದರ ನೀಲಿ ಗಸಿಯೇ ನೇರಳೆಯನ್ನು ಮುಚ್ಚಿಬಿಡುತ್ತದೆ. ಇನ್ನೊಂದು ತೊಡಕು ಗೂಡಿನ ಆಯ್ಕೆಯದು. ಮಿಶ್ರತಳಿ ಗೂಡಿನ ಹಳದಿ ಬಣ್ಣ ಇರುವುದೇ ಸೆರಿಸಿನ್ ಪದರದಲ್ಲಿ, ಅದು ದ್ರವಕ್ಕೆ ಇಳಿದರೆ ತೆಳು ನೇರಳೆ ಕಾಣುವುದೇ ಇಲ್ಲ. ಬೈವೋಲ್ಟೈನ್ ತಳಿಯ ಬಿಳಿ ಗೂಡನ್ನೇ ತರಿಸಿ. ಪಕ್ಕದಲ್ಲಿ ಬರೀ ಸೋಡಾ ನೀರಿನ ಒಂದು ನಳಿಕೆ, ಮೊಟ್ಟೆಯ ಬಿಳಿಯ ಒಂದು ನಳಿಕೆ ಇಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಮುಂದಿನ ಹಂತ ಪದವಿ ಕಾಲೇಜಿನ ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ ಮಾತ್ರ. ತೊಳೆದ ದಾರ 0.1 ಗ್ರಾಂ, 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 5 ಮಿಲಿಲೀಟರ್, ಮುಚ್ಚಿದ ಗಾಜಿನ ನಳಿಕೆಯಲ್ಲಿ 110 ಡಿಗ್ರಿಯಲ್ಲಿ 24 ಗಂಟೆ. ಬಂಧಗಳು ಒಡೆದು ಅಮೈನೋ ಆಮ್ಲಗಳು ಬಿಡಿಬಿಡಿಯಾಗುತ್ತವೆ. ಆಮ್ಲವನ್ನು ಆವಿ ಮಾಡಿ, ನೀರು ಹಾಕಿ ಮತ್ತೆ ಆವಿ ಮಾಡಿ. ಹೀಗೆ ಎರಡು ಮೂರು ಸಲ. ಆಮ್ಲ ಉಳಿದರೆ ಕಾಗದದ ಮೇಲೆ ಚುಕ್ಕೆ ನಿಲ್ಲದೆ ಬಾಲ ಬಿಡುತ್ತದೆ. ಉಳಿದ ಪುಡಿಯನ್ನು 10 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ವಾಟ್‌ಮನ್ 1 ಸೋಸುಕಾಗದದ ಮೇಲೆ ಚುಕ್ಕೆಯಿಡಿ. ಪಕ್ಕದಲ್ಲಿ ಶುದ್ಧ ಗ್ಲೈಸೀನ್, ಶುದ್ಧ ಅಲನೀನ್ ಚುಕ್ಕೆಗಳಿರಲಿ. ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 12:3:5ರ ಪ್ರಮಾಣದಲ್ಲಿ ಬೆರೆಸಿದ ದ್ರಾವಕ ಕಾಗದದಲ್ಲಿ ಮೇಲೇರಲು ಬಿಟ್ಟು, ಒಣಗಿಸಿ, ಅಸಿಟೋನ್‌ನಲ್ಲಿ ಕರಗಿಸಿದ, ಅಮೈನೋ ಆಮ್ಲಗಳಿಗೆ ನೇರಳೆ ಬಣ್ಣ ತರುವ 0.2% ನಿನ್‌ಹೈಡ್ರಿನ್ ಸಿಂಪಡಿಸಿ 105 ಡಿಗ್ರಿಯಲ್ಲಿ ಐದು ನಿಮಿಷ ಇಡಿ. ಕೆಳಗೆ ಗ್ಲೈಸೀನ್, ಅದರ ಮೇಲೆ ಅಲನೀನ್ ನೇರಳೆಯಾಗಿ ಮೂಡುತ್ತವೆ. ಸೆರೀನ್ ಮಾತ್ರ ಗ್ಲೈಸೀನ್ ಜೊತೆಗೇ ಏರುವುದರಿಂದ ಈ ದ್ರಾವಕದಲ್ಲಿ ಬೇರೆಯಾಗದು. ಕಾಗದವನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಅಮೈನೋ ಆಮ್ಲಗಳಿಂದ ಬೆರಳ ಗುರುತೂ ನೇರಳೆಯಾಗಿಯೇ ಏಳುತ್ತದೆ. ಈ ದ್ರಾವಣಕ್ಕೆ ಬೈಯುರೆಟ್ ಮಾಡಿದರೆ ನೇರಳೆ ಬರುವುದಿಲ್ಲ, ಬಂದರೆ ಒಡೆಯುವ ಕೆಲಸ ಪೂರ್ತಿಯಾಗಿಲ್ಲ.

ಷಿಕಾಗೋದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ವಿಜ್ಞಾನಿ, ಆದಿಯ ಭೂಮಿಯ ಗಾಳಿ ಹೀಗಿತ್ತೆಂದು ಊಹಿಸಿ, ಮೀಥೇನ್, ಅಮೋನಿಯಾ, ಹೈಡ್ರೋಜನ್ ಮತ್ತು ನೀರಾವಿಯಲ್ಲಿ ಒಂದು ವಾರ ವಿದ್ಯುತ್ ಕಿಡಿ ಹಾರಿಸಿ 1953ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗ್ಲೈಸೀನ್ ಮತ್ತು ಅಲನೀನ್ ಗುರುತಿಸಿದ್ದು ಇದೇ ಕಾಗದ, ಇದೇ ನಿನ್‌ಹೈಡ್ರಿನ್‌ನಿಂದ. ಆದಿಯ ಭೂಮಿಯ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಮತ್ತು ಸಾರಜನಕವೇ ಹೆಚ್ಚಿದ್ದಿರಬೇಕೆಂದು ಈಗಿನ ಎಣಿಕೆ, ಅಂಥ ಗಾಳಿಯಲ್ಲಿ ಇಳುವರಿ ಕಡಿಮೆ. ಆದರೂ 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಗ್ಲೈಸೀನ್ ಇದೆ. 67ಪಿ ಧೂಮಕೇತುವಿನ ಸುತ್ತಲೂ ರೊಸೆಟ್ಟಾ ನೌಕೆ ಅದನ್ನು ಕಂಡಿತು. ಜೀವದ ಹಂಗಿಲ್ಲದೆ ಹುಟ್ಟುವ ಸರಕು ಇದು.

ಹಾಗಾದರೆ ರೇಷ್ಮೆಹುಳು, ಹಿಪ್ಪುನೇರಳೆ, ಮನುಷ್ಯ ಎಲ್ಲರಲ್ಲೂ ಗ್ಲೈಸೀನ್ ಇದೆ, ಆದ್ದರಿಂದ ಎಲ್ಲರೂ ಒಂದೇ ಮೂಲದವರು ಎಂದು ಪಾಠ ಹೇಳುವುದೂ ಸರಿಯಲ್ಲ. ಮಾಲೂರಿನ ಇಟ್ಟಿಗೆ ಎರಡು ಮನೆಗಳಲ್ಲಿದೆ ಎಂದ ಮಾತ್ರಕ್ಕೆ ಆ ಮನೆಯವರು ದಾಯಾದಿಗಳಾಗುವುದಿಲ್ಲ. ನಂಟಸ್ತಿಕೆಯ ಸಾಕ್ಷಿ ಇರುವುದು ಆ ಸರಕನ್ನು ಜೋಡಿಸುವ ನಿಯಮದಲ್ಲಿ. ಡಿಎನ್‌ಎಯಿಂದ ನಕಲಾದ ಆರ್‌ಎನ್‌ಎಯ ಮೂರು ಮೂರು ಅಕ್ಷರ ಒಂದೊಂದು ಸಂಕೇತ, ಒಟ್ಟು 64. ಜಿಜಿಯು, ಜಿಜಿಸಿ, ಜಿಜಿಎ, ಜಿಜಿಜಿ, ಈ ನಾಲ್ಕೂ ಗ್ಲೈಸೀನ್‌ಗೆ. ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ಹುಳುವಿನ ರೇಷ್ಮೆ ಗ್ರಂಥಿಯಲ್ಲೂ, ರಾಗಿಯ ಎಲೆಯಲ್ಲೂ, ಮೊಸರಿನ ಬ್ಯಾಕ್ಟೀರಿಯಾದಲ್ಲೂ ಅದೇ ನಾಲ್ಕು. ಹೀಗೇ ಇರಬೇಕೆಂಬ ರಾಸಾಯನಿಕ ಕಟ್ಟುಪಾಡಿಲ್ಲ, ಸಂಕೇತ ಓದುವ ಟಿ-ಆರ್‌ಎನ್‌ಎಯನ್ನು ಬದಲಿಸಿ ಬೇರೆ ಅಮೈನೋ ಆಮ್ಲ ಕೂರಿಸಿದ ಪ್ರಯೋಗಗಳಾಗಿವೆ. ಬೇರೆಯೂ ಆಗಬಹುದಿದ್ದದ್ದು ಎಲ್ಲೆಡೆ ಒಂದೇ ಆಗಿರುವುದು ಪಿತ್ರಾರ್ಜಿತವಾಗಿ ಬಂದದ್ದರಿಂದ. ಹರಗೋಬಿಂದ್ ಖೊರಾನಾ ಈ ಸಂಕೇತಗಳನ್ನು ಬಿಡಿಸಿದ್ದಕ್ಕಾಗಿ 1968ರ ನೊಬೆಲ್ ಹಂಚಿಕೊಂಡರು. ಮನುಷ್ಯರ ಇನ್ಸುಲಿನ್ ಜೀನ್ ಕೊಟ್ಟರೆ ಬ್ಯಾಕ್ಟೀರಿಯಾ ಅದನ್ನು ಸರಿಯಾಗಿ ಓದುವುದರಿಂದಲೇ 1982ರಿಂದ ಮಧುಮೇಹಿಗಳಿಗೆ ಬ್ಯಾಕ್ಟೀರಿಯಾ ತಯಾರಿಸಿದ ಇನ್ಸುಲಿನ್ ಸಿಗುತ್ತಿದೆ. ಅಲ್ಲೊಂದು ಇಲ್ಲೊಂದು ಅಪವಾದಗಳಿವೆ. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಯುಜಿಎ ‘ನಿಲ್ಲು’ ಎಂಬ ಸಂಕೇತವಲ್ಲ, ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ್ದು. ಅಂಥವನ್ನು ಮುಚ್ಚಿಡದೆ ಕಲಿಸಬೇಕು, ಮೂಲ ಸಂಕೇತದಿಂದ ಕವಲೊಡೆದ ತಿದ್ದುಪಡಿಗಳು ಅವು.

ಇನ್ನೊಂದು ಸಾಕ್ಷಿ ಅಣುವಿನ ಎಡ ಬಲಗಳದ್ದು. ಅಲನೀನ್‌ಗೆ ಎಡಗೈ, ಬಲಗೈ ಎಂಬ ಎರಡು ರೂಪಗಳಿವೆ. ಮಿಲ್ಲರನ ಫ್ಲಾಸ್ಕಿನಲ್ಲೂ ಬೆನ್ನುವಿನ ಮಣ್ಣಿನಲ್ಲೂ ಎರಡೂ ಸುಮಾರು ಸಮಸಮ. ಜೀವಿಗಳ ರೈಬೋಸೋಮ್ ಪ್ರೋಟೀನ್ ಕಟ್ಟುವಾಗ ಎಡಗೈ ರೂಪವನ್ನಷ್ಟೇ ಪೋಣಿಸುತ್ತದೆ, ಇದೂ ಪಿತ್ರಾರ್ಜಿತವಾಗಿ ಬಂದದ್ದೇ. ನಂದಿ ಬೆಟ್ಟದ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಎಲ್ಲ ಜೀವಿಗಳ ಸಾಮಾನ್ಯ ಪೂರ್ವಜ ಅದಕ್ಕೂ ಹಿಂದಿನದು.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಅಧ್ಯಾಯದಲ್ಲಿ ಈಗ ವಿಕಾಸವಿಲ್ಲ. ಹತ್ತರ ನಂತರ ವಿಜ್ಞಾನ ಬಿಡುವ ಮಕ್ಕಳಿಗೆ ಈ ವಿಷಯ ಸಿಗುವುದೇ ಇಲ್ಲ. ಅದನ್ನು ಮರಳಿ ಸೇರಿಸಬೇಕು. ಅಲ್ಲಿಯವರೆಗೆ ಶಿಕ್ಷಣ ಇಲಾಖೆ ಈ ಎರಡು ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಗೂಡಿನ ಬೈಯುರೆಟ್ ಪ್ರಯೋಗವನ್ನಾದರೂ ಮಾಡಿಸಲಿ. ರೇಷ್ಮೆ ಇಲಾಖೆಯ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆ ತೆಗೆದ ಮೇಲೆ ತೂತುಗೂಡು ಉಳಿಯುತ್ತದೆ. ಶಾಲೆಗೆ ಕಾಲು ಕಿಲೋ ಕೊಟ್ಟರೂ ನೂರಕ್ಕೂ ಹೆಚ್ಚು ಪ್ರಯೋಗಗಳಿಗೆ ಸಾಕು. ತಾಮ್ರ ಬೆರೆತ ದ್ರವವನ್ನು ಚರಂಡಿಗೆ ಬಿಡದೆ ಡಬ್ಬಿಯಲ್ಲಿ ಕೂಡಿಡುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು.

– ರಸಾಯನ ಮತ್ತು ಜೀವವಿಜ್ಞಾನ ಅಧ್ಯಾಪಕರು, ಶಿಡ್ಲಘಟ್ಟ