ವರ್ಷದ ಕಾರ್ಯ ಮುಗಿಸಿ, ಎಲ್ಲರಿಗೂ ಒಂದು ಮಾತು

ನನ್ನ ಹೆಂಡತಿ ತೀರಿಕೊಂಡು ಈ ಆಷಾಢಕ್ಕೆ ಒಂದು ವರ್ಷವಾಯಿತು. ವರ್ಷದ ಕಾರ್ಯಕ್ಕೆ ಬಂದವರಿಗೆಲ್ಲ ಊಟ ಬಡಿಸಿ ಕಳಿಸಿದೆ. ಹೇಳಬೇಕಾದ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಅವಳಿಗೆ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ 3 ಸಲ ಡಯಾಲಿಸಿಸ್, ಸಲಕ್ಕೆ 4 ಗಂಟೆ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಪೇಪರ್ ಓದಿ ಹೇಳುತ್ತಿದ್ದೆ. ಒಂದು ದಿನ ‘ಸಾವಿನಲ್ಲೂ ಒಂದಾದ ದಂಪತಿ’ ಅಂತ ಸುದ್ದಿ. ಇಬ್ಬರೂ ಆತ್ಮಹತ್ಯೆ ಮಾಡಿಕೊಂಡಿದ್ದರು. ‘ನಾವೂ ಹೀಗೇ ಒಟ್ಟಿಗೆ ಹೋಗಿಬಿಡೋಣ ಕಣೇ’ ಅಂದೆ. ಸುಮ್ನೆ ಅಂದ ಮಾತಲ್ಲ ಅಂತ ಅವಳಿಗೆ ಗೊತ್ತಾಯಿತು. ಸೂಜಿ ಹಾಕಿದ್ದ ಕೈ ಅಲ್ಲಾಡಿಸುವ ಹಾಗಿರಲಿಲ್ಲ. ಇನ್ನೊಂದು ಕೈಯಿಂದ ಪೇಪರ್ ಕಿತ್ತುಕೊಂಡು, ‘ಇಬ್ಬರೂ ಹೋದರೆ ಮಗಳಿಗೆ ತವರು ಎಲ್ಲಿದೆ ರೀ?’ ಅಂದಳು.

ಅಷ್ಟು ಹೇಳಿಸಿಕೊಂಡಿದ್ದರೂ ಅವಳು ಹೋದ ಮೇಲೆ ನನಗೆ ಬದುಕು ಬೇಡವಾಯಿತು. ಡಯಾಲಿಸಿಸ್ ದಿನ ಬಂದರೆ ಬೆಳಗ್ಗೆ 5ಕ್ಕೇ ಎಚ್ಚರವಾಗುತ್ತಿತ್ತು. ಅಲ್ಲಿ ಅವಳಿಗೆ ಚಳಿಯಾಗುತ್ತಿತ್ತು ಅಲ್ವಾ, ಸ್ವೆಟರ್ ತೆಗೆದು ಚೀಲಕ್ಕೆ ಹಾಕುತ್ತಿದ್ದೆ. ಫೈಲ್ ಹುಡುಕುವಾಗ ನೆನಪಾಗುತ್ತಿತ್ತು.

ಮೊದಲು ನನ್ನ ಜೊತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಗೆಳೆಯನಿಗೆ ಕೈ ಮುಗಿಯುತ್ತೇನೆ. ಒಂದು ಸಂಜೆ ಮನೆ ಪತ್ರ, ಪಾಸ್‌ಬುಕ್ ಎಲ್ಲ ಕವರಿಗೆ ಹಾಕಿ, ‘ಮಗಳಿಗೆ ಕೊಟ್ಟುಬಿಡು’ ಅಂತ ಅವನ ಕೈಗೆ ಕೊಡಲು ಹೋದೆ. ಅವನು ಮುಟ್ಟಲಿಲ್ಲ. ‘ಸಾಯಬೇಕು ಅಂತಿದೀಯೇನೋ?’ ಅಂತ ನೇರವಾಗಿ ಕೇಳಿದ. ಅಲ್ಲಿಯವರೆಗೆ ಧೈರ್ಯ ತಗೊಳ್ಳಿ ಅಂದವರೇ ಎಲ್ಲ. ಹೀಗೆ ಯಾರೂ ಕೇಳಿರಲಿಲ್ಲ. ಹೂಂ ಅಂದೆ. ಅತ್ತುಬಿಟ್ಟೆ. ಆ ರಾತ್ರಿ ಅವನು ಮನೆಗೆ ಹೋಗಲಿಲ್ಲ.

ಅವನೇ 14416ಕ್ಕೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ಕಡೆಯ ಹೆಣ್ಣುಮಗಳು ಉಪದೇಶ ಮಾಡಲಿಲ್ಲ. ‘ನಿಮ್ಮ ಮನೆಯವರ ಬಗ್ಗೆ ಹೇಳಿ ಸರ್’ ಅಂದರು. ನಾನು ಸ್ವೆಟರ್ ವಿಷಯ ಹೇಳಿದೆ. ಮಾರನೇ ದಿನ ಡಾಕ್ಟರ ಹತ್ತಿರ ಹೋದೆ. ಈಗಲೂ ಹೋಗುತ್ತಿದ್ದೇನೆ. ಹೆಸರು ಗೊತ್ತಿಲ್ಲದ ಆ ತಾಯಿಗೆ ನನ್ನ ನಮಸ್ಕಾರ.

ನಾನು ಇಂಗ್ಲಿಷ್ ಮೇಷ್ಟ್ರು. ಲೇಖಕ ಆರ್ಥರ್ ಕೋಸ್ಲರ್ 1983ರಲ್ಲಿ ಲಂಡನ್ನಿನಲ್ಲಿ ಹೆಂಡತಿ ಸಿಂಥಿಯಾ ಜೊತೆ ಪ್ರಾಣ ಕಳೆದುಕೊಂಡದ್ದನ್ನು ಹಿಂದೆ ಓದಿದಾಗ, ಎಂಥ ಪ್ರೀತಿ ಅನ್ನಿಸಿತ್ತು. ಅವರಿಗೆ 77, ಮೈತುಂಬ ಕಾಯಿಲೆ. ಆಕೆಗೆ ಬರೀ 55, ಅಂಥ ಕಾಯಿಲೆ ಏನೂ ಇರಲಿಲ್ಲ. ಈಗ ಆಕೆಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಕೆಯ ಹತ್ತಿರವೂ ಯಾರಾದರೂ ಬಂದು ಕೂತಿದ್ದರೆ! ಪೇಪರಿನವರು ದಯವಿಟ್ಟು ಆ ತಲೆಬರಹ ಬಿಟ್ಟುಬಿಡಿ. ನನ್ನಂಥವರು ಅದನ್ನು ಓದುತ್ತಿರುತ್ತಾರೆ.

ಎದುರು ಮನೆ ಅಕ್ಕ, ನಿಮ್ಮ ಋಣ ಜಾಸ್ತಿ. ‘ಮೇಷ್ಟ್ರೇ, ಸಾರಿಗೆ ಉಪ್ಪು ಸರಿಯಿದೆಯಾ ನೋಡಿ’ ಅಂತ ದಿನಾ ಬಟ್ಟಲು ಹಿಡಿದು ಬಂದಿರಿ. ಉಪ್ಪು ಒಂದು ದಿನವೂ ಹೆಚ್ಚುಕಮ್ಮಿ ಆಗಿರಲಿಲ್ಲ. ನಿಮ್ಮ ಕಣ್ಣು ನನ್ನ ಮುಖದ ಮೇಲೇ ಇರುತ್ತಿತ್ತು, ನನಗೆ ಗೊತ್ತು.

ಗೌರಿ ಹಬ್ಬಕ್ಕೆ ಮಗಳು ಬಂದಳು. ಅಮ್ಮನ ಜಾಗದಲ್ಲಿ ನಿಂತು ಬಾಗಿನದ ಮೊರ ಜೋಡಿಸಿದ್ದೂ ಈ ಅಕ್ಕನೇ. ಬಳೆ ತರುವ ಕೆಲಸ ನನ್ನದು. ಅಳತೆ ಗೊತ್ತಿಲ್ಲದೆ ಅವಳದೊಂದು ಹಳೇ ಬಳೆ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿದ್ದೆ. ಮಗಳು ತೊಟ್ಟು ನೋಡಿ, ‘ಸರಿಯಾಗಿದೆ ಅಪ್ಪ’ ಅಂದಳು.