ಸದಸ್ಯರ ಗಮನಕ್ಕೆ: ಜೆರೋಮ್ ಎಂಗೆಲ್ ಅವರ ಸಂಶೋಧನೆ

ಆತ್ಮೀಯ ಸದಸ್ಯರೇ, ನಮ್ಮ ಮುಂದಿನ ಚರ್ಚೆಗೆ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರರೋಗತಜ್ಞ ಜೆರೋಮ್ ಎಂಗೆಲ್ ಅವರ ಮೂರ್ಛೆರೋಗ ಸಂಶೋಧನೆಯನ್ನು ಆರಿಸಿಕೊಂಡಿದ್ದೇವೆ. ಮೂರ್ಛೆ ಹುಟ್ಟುವ ಮಿದುಳಿನ ಭಾಗವು ಎರಡು ಸೆಳವುಗಳ (ಮೂರ್ಛೆಯ ದಾಳಿಗಳ) ನಡುವಿನ ಅವಧಿಯಲ್ಲಿ ಕಡಿಮೆ ಗ್ಲೂಕೋಸ್ ಬಳಸುತ್ತದೆ ಎಂಬುದನ್ನು 1980ರ ಸುಮಾರಿಗೆ ಅವರೂ ಅವರ ಸಹೋದ್ಯೋಗಿಗಳೂ ಮಿದುಳಿನ ಚಟುವಟಿಕೆಯನ್ನು ಚಿತ್ರವಾಗಿ ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ತೋರಿಸಿದ್ದರಿಂದ, ತಲೆಬುರುಡೆಯೊಳಗೆ ವಿದ್ಯುದ್ವಾರಗಳನ್ನು ಇಳಿಸದೆಯೇ ಕೆಲವು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಜಾಗವನ್ನು ಗುರುತಿಸಲು ಸಾಧ್ಯವಾಯಿತು. ನನ್ನ ದೃಷ್ಟಿಯಲ್ಲಿ ಇದೇ ಅವರ ಅತಿ ದೊಡ್ಡ ಕೊಡುಗೆ. ಶಸ್ತ್ರಚಿಕಿತ್ಸೆಯ ಫಲವನ್ನು ಅಳೆಯುವ ಎಂಗೆಲ್ ವರ್ಗೀಕರಣವೂ ಬಳಕೆಯಲ್ಲಿದೆ. 2012ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಬೇಗನೆ ಶಸ್ತ್ರಚಿಕಿತ್ಸೆ ನೀಡುವ ಗುಂಪಿನ 15 ಮಂದಿಯಲ್ಲಿ 11 ಮಂದಿ ಪ್ರಯೋಗದ ಎರಡನೆಯ ವರ್ಷವಿಡೀ ಸೆಳವಿನಿಂದ ಮುಕ್ತರಾಗಿದ್ದರು. ಔಷಧವನ್ನಷ್ಟೇ ಮುಂದುವರಿಸಿದ 23 ಮಂದಿಯಲ್ಲಿ ಒಬ್ಬರೂ ಹಾಗಿರಲಿಲ್ಲ. ಔಷಧಕ್ಕೆ ಬಗ್ಗದ ರೋಗಿಗಳನ್ನು ಶಸ್ತ್ರಚಿಕಿತ್ಸೆಗಾಗಿ ವರ್ಷಗಟ್ಟಲೆ ಕಾಯಿಸುವುದು ಸರಿಯೇ ಎಂಬ ಪ್ರಶ್ನೆಗೆ ದಯವಿಟ್ಟು ತಮ್ಮ ಅಭಿಪ್ರಾಯವನ್ನು ಇಲ್ಲಿಯೇ ಬರೆಯಿರಿ.